ಘಟ್ಟವನ್ನು ದಾಟಿದ ದುಡಿಮೆ: ಕೊಪ್ಪದ ಸೀಮೆಯೂ ಕನ್ನಡ ಜಿಲ್ಲೆಯೂ

೧

ಎರಡು ರಾಜ್ಯಗಳ ನಡುವಣ ಎಲ್ಲೆಯೆಂದೊಡನೆ ಚರಿತ್ರೆಯನ್ನು ಓದಿದವರ ಮನಸ್ಸಿಗೆ ಬರುವುವು ಕೋಟೆ, ಕಾವಲು, ಸುಂಕದ ಕಟ್ಟೆ, ದಂಡಯಾತ್ರೆ ಇವೇ. ವರ್ಷವರ್ಷವೂ ಆ ಎಲ್ಲೆಯನ್ನು ಕಾಲ್ನಡೆಯಿಂದ ದಾಟಿ, ಆಚೆಯ ನಾಡಿನಲ್ಲಿ ಕೆಲವು ತಿಂಗಳು ದುಡಿದು, ಮಳೆಗೆ ಮೊದಲು ಹಿಂದಿರುಗುತ್ತಿದ್ದ ಆಳುಗಳಿಗಾಗಿ ಯಾರೂ ಶಾಸನವನ್ನು ಬರೆಯಿಸಲಿಲ್ಲ. ಆದರೂ ಮಲೆನಾಡಿನ ತೋಟಗಳು ನಿಂತುದು ಬಹುಮಟ್ಟಿಗೆ ಅವರ ಕೈಗಳ ಬಲದಿಂದ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಸೀಮೆಗೂ, ಸಹ್ಯಾದ್ರಿಯ ಪಶ್ಚಿಮದ ತಪ್ಪಲಿನ ತುಳುನಾಡಿಗೂ ಇದ್ದ ಈ ಸಂಬಂಧವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸಾಹಿತ್ಯವನ್ನು ಪಾಠ ಹೇಳುವವರಿಗೂ ಈ ವಿಚಾರವು ಅನುಪಯುಕ್ತವಲ್ಲ. ನಮ್ಮ ಶತಮಾನದ ಶ್ರೇಷ್ಠ ಕಾದಂಬರಿಗಳೆಂದು ಕಳೆದ ಶತಮಾನದವರು ಎಣಿಸಿದ ಕೃತಿಗಳಲ್ಲಿ ಸೇರೆಗಾರ, ಮುಂಗಡ, ಕನ್ನಡ ಜಿಲ್ಲೆ, ಘಟ್ಟದ ಮೇಲಣ ತೋಟ ಮೊದಲಾದ ಮಾತುಗಳು ಮತ್ತೆಮತ್ತೆ ಬರುತ್ತವೆ. ಇವುಗಳ ಹಿಂದಿರುವ ವ್ಯವಸ್ಥೆಯನ್ನು ಅರಿಯದೆ ಆ ಕೃತಿಗಳ ಕಥೆಯ ನಡೆಯನ್ನೇ ಸರಿಯಾಗಿ ತಿಳಿಯಲಾಗುವುದಿಲ್ಲ. ಆ ವ್ಯವಸ್ಥೆಯನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಆ ಎಲ್ಲೆಯನ್ನು ದುಡಿಮೆ ದಾಟಿತು, ದುಡಿಮೆಯೊಡನೆ ಸಾಲವೂ ದಾಟಿತು. ದುಡಿದವನ ಹಕ್ಕು ಮಾತ್ರ ದಾಟಲಿಲ್ಲ. ಇದು ಹೇಗಾಯಿತೆಂಬುದನ್ನು ಮುಂದೆ ವಿವರಿಸುತ್ತೇವೆ.

೨

ಘಟ್ಟವು ಪ್ರಕೃತಿಯು ಇಟ್ಟ ಎಲ್ಲೆಯಾದರೂ ಬಹುಕಾಲ ಅದು ರಾಜ್ಯಗಳ ಎಲ್ಲೆಯಾಗಿರಲಿಲ್ಲ. ಕಳಸ-ಕಾರ್ಕಳದ ಭೈರರಸರ ರಾಜಧಾನಿಗಳಲ್ಲಿ ಒಂದು ಘಟ್ಟದ ಮೇಲೆ, ಮತ್ತೊಂದು ಘಟ್ಟದ ಕೆಳಗೆ. ೧೪೩೨ರಲ್ಲಿ ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಈ ವಂಶದವನೇ. ಅನಂತರ ಕೆಳದಿಯ ನಾಯಕರೂ ಮಲೆನಾಡನ್ನೂ ಕರಾವಳಿಯನ್ನೂ ಒಟ್ಟಾಗಿ ಆಳಿದರು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆಯೂ ಘಟ್ಟದ ಮೇಲು ಕೆಳಗುಗಳೆರಡೂ ಒಂದೇ ಪ್ರಭುತ್ವದಲ್ಲಿದ್ದುವು. ಮಲೆನಾಡಿನ ಅಕ್ಕಿ, ಮೆಣಸು, ಅಡಿಕೆಗಳು ಹೇರೆತ್ತುಗಳ ಮೇಲೆ ಕೆಳಗಿಳಿದು ಬಂದರುಗಳನ್ನು ಸೇರುತ್ತಿದ್ದುವು. ಉಪ್ಪು, ತೆಂಗಿನಕಾಯಿ, ಒಣಮೀನುಗಳು ಅದೇ ದಾರಿಯಿಂದ ಮೇಲಕ್ಕೆ ಏರುತ್ತಿದ್ದುವು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ನಡೆದ ಹಂಚಿಕೆಯಲ್ಲಿ ಘಟ್ಟದ ಮೇಲಣ ಭಾಗವು ಮೈಸೂರು ಸಂಸ್ಥಾನಕ್ಕೂ, ಕೆಳಗಣ ಭಾಗವು ಈಸ್ಟ್ ಇಂಡಿಯ ಕಂಪೆನಿಗೂ ಸೇರಿದುವು. ಕರಾವಳಿಗೆ ತಾಮಸ್ ಮನ್ರೋ ಮೊದಲನೆಯ ಕಲೆಕ್ಟರಾಗಿ ಬಂದನು. ೧೮೬೨ರಲ್ಲಿ ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಹೋಗಿ, ದಕ್ಷಿಣ ಭಾಗವು ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ಇದೇ ದಕ್ಷಿಣ ಕನ್ನಡ ಜಿಲ್ಲೆ. ೧೯೫೬ನೆಯ ನವೆಂಬರ್ ೧ರಂದು ಈ ಜಿಲ್ಲೆಯು, ಕಾಸರಗೋಡಿನ ಭಾಗವನ್ನು ಕೇರಳಕ್ಕೆ ಬಿಟ್ಟು, ಮೈಸೂರು ರಾಜ್ಯದಲ್ಲಿ ಸೇರುವವರೆಗೆ, ಎಂದರೆ ನೂರ ಐವತ್ತೇಳು ವರ್ಷಗಳ ಕಾಲ, ಆಗುಂಬೆಯ ಘಟ್ಟದ ನೆತ್ತಿಯು ಎರಡು ಸರಕಾರಗಳ ಎಲ್ಲೆಯಾಗಿದ್ದಿತು.

ಇಲ್ಲಿ ಹೆಸರಿನ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಮಲೆನಾಡಿನವರು ಕೆಳಗಿನಿಂದ ಬಂದವರನ್ನು ‘ಕನ್ನಡ ಜಿಲ್ಲೆಯವರು’ ಎಂದು ಕರೆಯುತ್ತಿದ್ದರು. ಕರೆಯುವವರ ಮನೆಮಾತು ಕನ್ನಡ. ಕರೆಯಿಸಿಕೊಳ್ಳುವವರಲ್ಲಿ ಬಹುಮಂದಿಯ ಮನೆಮಾತು ತುಳು. ಕರಾವಳಿಗೆ ಪೋರ್ಚುಗೀಸರ ಕಾಲದಿಂದ ರೂಢಿಗೆ ಬಂದ ‘ಕೆನರಾ’ ಎಂಬ ಹೆಸರೇ ಸರಕಾರಿ ಕಾಗದಗಳ ಮೂಲಕ ‘ಕನ್ನಡ ಜಿಲ್ಲೆ’ಯಾಗಿ ಜನರ ಬಾಯಿಗೆ ಬಂದುದರ ಫಲವಿದು. ಕೆಳಗಿನವರಾದರೋ ಮೇಲಿನವರನ್ನು ‘ಘಟ್ಟದವರು’ ಎಂದೂ, ದುಡಿಯಲು ಹೋಗುವುದನ್ನು ‘ಘಟ್ಟಕ್ಕೆ ಹೋಗುವುದು’ ಎಂದೂ ಹೇಳುತ್ತಿದ್ದರು. ಒಬ್ಬರು ಮತ್ತೊಬ್ಬರನ್ನು ಜಿಲ್ಲೆಯ ಹೆಸರಿನಿಂದ ಗುರುತಿಸಿದರೆ, ಮತ್ತೊಬ್ಬರು ಇವರನ್ನು ಬೆಟ್ಟದ ಹೆಸರಿನಿಂದ ಗುರುತಿಸಿದರು.

೩

ನೆರೆಯ ಎರಡು ಸೀಮೆಗಳ ನಡುವೆ ದುಡಿಮೆಯು ಹರಿಯಬೇಕಾದರೆ ಇಬ್ಬರ ಕೆಲಸದ ಕಾಲಗಳು ಬೇರೆಯಾಗಿರಬೇಕು. ಒಬ್ಬನಿಗೆ ಬಿಡುವಿರುವಾಗ ಮತ್ತೊಬ್ಬನಿಗೆ ಅವಸರವಿರಬೇಕು. ಘಟ್ಟದ ಮೇಲು ಕೆಳಗುಗಳಲ್ಲಿ ಮಳೆಯ ಕಾಲ ಒಂದೇ. ಬೆಳೆಯ ಕಾಲ ಮಾತ್ರ ಬೇರೆ.

ತುಳುನಾಡಿನ ಬತ್ತದ ಬೇಸಾಯದಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳು. ಏಣೆಲು ಮುಂಗಾರಿನೊಡನೆ ಹುಟ್ಟಿ ದೀಪಾವಳಿಯ ಹೊತ್ತಿಗೆ ಕೊಯ್ಲಿಗೆ ಬರುವುದು. ಸುಗ್ಗಿಗೂ ಕೊಳಕೆಗೂ ನೀರಿನ ಆಸರೆ ಬೇಕಾದುದರಿಂದ ಅವು ಎಲ್ಲ ಗದ್ದೆಗಳಿಗೂ ದೊರೆಯತಕ್ಕವಲ್ಲ. ಆದುದರಿಂದ ಏಣೆಲಿನ ಕೊಯ್ಲು ಮುಗಿದೊಡನೆ, ಸ್ವಂತ ಭೂಮಿಯಿಲ್ಲದ ಆಳುಗಳಲ್ಲಿ ಅನೇಕರಿಗೆ ಮುಂದಿನ ಮಳೆಯವರೆಗೆ ನೆಚ್ಚಬಹುದಾದ ಕೂಲಿಯಿರುತ್ತಿರಲಿಲ್ಲ.

ಕೊಪ್ಪದ ಸೀಮೆಯಲ್ಲಿ ಸರಿಯಾಗಿ ಆಗಲೇ ಕೈಗಳ ಬರ. ಅಡಿಕೆಯ ಕೊನೆಗಳು ಆಗ ಬಲಿತಿರುತ್ತವೆ. ಇಲ್ಲಿಯ ಅಡಿಕೆಯು ಕರಾವಳಿಯ ಚಾಲಿಯಂತೆ ಹಣ್ಣಾಗುವವರೆಗೆ ಕಾದು ಒಣಗಿಸುವಂತಹುದಲ್ಲ. ಹಸಿಯಾಗಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ, ಹಸ, ಬೆಟ್ಟೆ, ಗೊರಬಲು ಮೊದಲಾಗಿ ವಿಂಗಡಿಸಬೇಕು. ಕೊಯ್ದ ಅಡಿಕೆಯನ್ನು ಬಹಳ ದಿನ ಇಟ್ಟುಕೊಳ್ಳುವಂತಿಲ್ಲ. ಆದುದರಿಂದ ಮರ ಹತ್ತುವ ಕೊನೆಗಾರನಿಂದ ಮೊದಲುಗೊಂಡು ರಾತ್ರಿ ದೀಪದ ಮುಂದೆ ಕುಳಿತು ಸುಲಿಯುವ ಹೆಂಗಸಿನವರೆಗೆ ಎಲ್ಲರೂ ಒಂದೇ ಕಾಲದಲ್ಲಿ ಬೇಕು. ಕಾಫಿಯ ಹಣ್ಣು ಕೆಂಪಾಗುವುದೂ ನವೆಂಬರಿನಿಂದ ಫೆಬ್ರವರಿಯವರೆಗೆ. ಹಣ್ಣು ಗಿಡದಲ್ಲಿ ಉಳಿದರೆ ಉದುರಿ ನಷ್ಟವಾಗುವುದು. ಇವೆರಡಕ್ಕೂ ಸೇರಿಸಿ ಸೊಪ್ಪಿನ ಬೆಟ್ಟದಿಂದ ಸೊಪ್ಪು ತರುವುದು, ಕಾಲುವೆ ತೆಗೆಯುವುದು, ಮಣ್ಣು ಹಾಕುವುದು ಮೊದಲಾದ ಕೆಲಸಗಳನ್ನು ಎಣಿಸಿದರೆ, ಒಂದು ತೋಟವು ವರ್ಷದ ಈ ಭಾಗದಲ್ಲಿ ತನ್ನ ಊರಿನ ಆಳುಗಳಿಂದಲೇ ನಡೆಯುವುದು ಕಷ್ಟವೆಂಬುದು ಸ್ಪಷ್ಟವಾಗುತ್ತದೆ.

ಹೀಗೆ ಕೆಳಗಣ ಬಿಡುವೂ ಮೇಲಣ ಅವಸರವೂ ಒಂದಕ್ಕೊಂದು ಹೊಂದಿಕೊಂಡುವು. ದೀಪಾವಳಿಯ ಅನಂತರ ಕಾರ್ಕಳ, ಉಡುಪಿ, ಕುಂದಾಪುರಗಳ ಕಡೆಯಿಂದ ಗುಂಪುಗಳು ಆಗುಂಬೆಯ ಘಟ್ಟವನ್ನೇರಿಯೋ, ಕೆರೆಕಟ್ಟೆಯ ಕಾಡುದಾರಿಯಿಂದಲೋ ಈ ಸೀಮೆಗೆ ಬರುತ್ತಿದ್ದುವು. ಮುಂಗಾರಿಗೆ ಮೊದಲು, ಬಿತ್ತನೆಯ ವೇಳೆಗೆ, ಕೆಳಗಿಳಿಯುತ್ತಿದ್ದುವು. ಕೆಲವರು ಮಳೆಗಾಲದಲ್ಲಿಯೂ ಉಳಿದರು. ಕೊಳೆರೋಗದಿಂದ ಅಡಿಕೆಯನ್ನು ಕಾಪಾಡಲು ಕೊನೆಗಳಿಗೆ ಹಾಳೆಯ ಕೊಟ್ಟೆಯನ್ನು ಕಟ್ಟುವ ಕೆಲಸವು ಸುರಿಯುವ ಮಳೆಯಲ್ಲಿಯೇ ಆಗಬೇಕಾಗಿದ್ದಿತು.

೪

ಮಲೆನಾಡಿನಲ್ಲಿ ಆಳುಗಳ ಬರವೇಕೆಂಬ ಪ್ರಶ್ನೆಗೆ ಬೆಳೆಯ ಕಾಲವೊಂದೇ ಉತ್ತರವಲ್ಲ. ಮತ್ತೊಂದು ಉತ್ತರ ಮಲೆಜ್ವರ. ಕಾಡಿನ ತೊರೆಗಳ ಅಂಚಿನ ತಿಳಿನೀರಿನಲ್ಲಿ ಬೆಳೆಯುವ ಒಂದು ಜಾತಿಯ ಅನಾಫಿಲಿಸ್ ಸೊಳ್ಳೆಯು ಈ ಜ್ವರವನ್ನು ಮನೆಮನೆಗೂ ಒಯ್ಯುತ್ತಿದ್ದಿತು. ಮಲೇರಿಯವನ್ನು ಹರಡುವುದು ಸೊಳ್ಳೆಯೆಂದು ರೊನಾಲ್ಡ್ ರಾಸ್ ೧೮೯೭ರಲ್ಲಿ ಕಂಡುಕೊಂಡ ಮೇಲೆಯೂ ಅರ್ಧ ಶತಮಾನದವರೆಗೆ ಇದಕ್ಕೆ ಸಾಕಷ್ಟು ಪ್ರತೀಕಾರ ದೊರೆಯಲಿಲ್ಲ. ಮಕ್ಕಳು ಸತ್ತು, ಉಳಿದವರು ಶಕ್ತಿಗುಂದಿ, ಮನೆಗಳು ಪಾಳುಬಿದ್ದುವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (೧೯೧೨-೧೯೧೮) ಮೈಸೂರು ಸರಕಾರವು ಮಲೆನಾಡಿನ ಅಭಿವೃದ್ಧಿಯ ಪ್ರಶ್ನೆಯನ್ನು ಬೇರೆಯಾಗಿಯೇ ಕೈಗೆತ್ತಿಕೊಳ್ಳಬೇಕಾಗಿ ಬಂದುದಕ್ಕೆ ಇಂತಹ ಕ್ಷಯವೇ ಹಿನ್ನೆಲೆ.

ಇತ್ತ ಜನರು ಕಡಮೆಯಾಗುತ್ತಿದ್ದ ಕಾಲದಲ್ಲಿಯೇ ಅತ್ತ ತೋಟಗಳು ಹೆಚ್ಚಿದುವು. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಯೂರೋಪಿಯನ್ ತೋಟಗಾರರೂ, ಅವರ ಹಿಂದೆಯೇ ನಾಡಿನ ಗೌಡರೂ ಹೆಗ್ಗಡೆಗಳೂ ಕಾಫಿಯನ್ನು ಹಾಕಿದರು. ಕಾಫಿಯ ಎಲೆರೋಗಕ್ಕೆ ಮದ್ದನ್ನು ಹುಡುಕಲು ೧೯೧೫ರಲ್ಲಿ ಕೊಪ್ಪದಲ್ಲಿಯೇ ಒಂದು ತಾತ್ಕಾಲಿಕ ಸಂಶೋಧನ ಘಟಕವು ಏರ್ಪಟ್ಟಿತು. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಿರವಾದ ಕಾಫಿ ಪ್ರಯೋಗಶಾಲೆಯು ಸ್ಥಾಪಿತವಾಯಿತು. ಗಿಡದ ರೋಗಕ್ಕೆ ವಿಜ್ಞಾನವು ಇಷ್ಟು ಬೇಗ ಒದಗಿತು. ಗಿಡದ ಕೆಳಗೆ ದುಡಿಯುವವನ ರೋಗಕ್ಕೆ ಅದು ಒದಗಿದುದು ತಡವಾಗಿ, ೧೯೪೦ರ ದಶಕದ ಕೊನೆಯಲ್ಲಿ ಡಿ.ಡಿ.ಟಿ. ಬಂದ ಮೇಲೆ.

ಕೆಳಗಿನಿಂದ ಬಂದವನ ಸ್ಥಿತಿ ಇನ್ನೂ ಕಷ್ಟವಾದುದು. ಚಿಕ್ಕಂದಿನಿಂದ ಜ್ವರವನ್ನುಂಡು ಬದುಕಿದ ಮಲೆನಾಡಿಗನ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಒಂದಿಷ್ಟಾದರೂ ಇರುತ್ತಿದ್ದಿತು. ಹೊಸಬನಿಗೆ ಅದೂ ಇಲ್ಲ. ಹೀಗೆ ಯಾವ ಜ್ವರವು ಮಲೆನಾಡಿನಲ್ಲಿ ಆಳುಗಳ ಬರವನ್ನು ತಂದಿತೋ, ಅದೇ ಜ್ವರವು ಆ ಬರವನ್ನು ತುಂಬಲು ಬಂದವರನ್ನೂ ಹಿಡಿಯಿತು. ಆದುದರಿಂದ ಪ್ರತಿವರ್ಷವೂ ಹೊಸಬರನ್ನು ಕರೆತರಬೇಕಾಗುತ್ತಿದ್ದಿತು. ಕರೆತರುವವನೊಬ್ಬನು ಈ ವ್ಯವಸ್ಥೆಗೆ ಅನಿವಾರ್ಯನಾದುದು ಹೀಗೆ.

೫

ಅವನೇ ಸೇರೆಗಾರ. ಪ್ರಾಚೀನ ಪ್ರಯೋಗಗಳಲ್ಲಿ ‘ಸೇರುವೆ’, ‘ಸೇರ್ವೆ’ ಎಂದರೆ ಕೂಟ, ದಂಡು. ‘ಸೇರ್ವೆಗಾರ’ನು ದಂಡಿನ ತುಕಡಿಯೊಂದರ ಮುಖ್ಯಸ್ಥ. ‘ಸೇರೆಗಾರ’ ಎಂಬುದು ಇದರ ಸವೆದ ರೂಪವೆಂದು ತೋರುತ್ತದೆ. ಹಾಗಾದರೆ ಯುದ್ಧದ ಆಳುಗಳನ್ನು ಕೂಡಿಸುವವನ ಹೆಸರು, ಯುದ್ಧಗಳು ನಿಂತ ಮೇಲೆ, ತೋಟದ ಆಳುಗಳನ್ನು ಕೂಡಿಸುವವನಿಗೆ ಬಂದಿತೆನ್ನಬೇಕು. ದೊಡ್ಡ ಕಾಫಿ ತೋಟಗಳಲ್ಲಿ ಇವನಿಗೆ ‘ಮೇಸ್ತ್ರಿ’ ಎಂಬ ಹೆಸರೂ ಉಂಟು. ಇದು ಪೋರ್ಚುಗೀಸ್ ಮಾತು. ತಮಿಳು ನಾಡಿನಿಂದ ನೀಲಗಿರಿಗೂ ಸಿಂಹಳಕ್ಕೂ ಆಳುಗಳನ್ನು ಒಯ್ಯುತ್ತಿದ್ದ ‘ಕಂಗಾಣಿ’ಯೂ ಇದೇ ವೃತ್ತಿಯವನು.

ಇವನ ಕೆಲಸದ ಕ್ರಮವು ಸ್ಥೂಲವಾಗಿ ಹೀಗಿದ್ದಿತು. ಮಳೆ ಮುಗಿಯುವ ಹೊತ್ತಿಗೆ ತೋಟದ ಒಡೆಯನು ಸೇರೆಗಾರನ ಕೈಗೆ ಒಂದು ಮೊತ್ತವನ್ನು ಮುಂಗಡವಾಗಿ ಕೊಡುವನು. ಸೇರೆಗಾರನು ತನ್ನ ಊರಿಗೂ ಸುತ್ತಣ ಊರುಗಳಿಗೂ ಹೋಗಿ, ಮದುವೆಯ ಖರ್ಚಿರುವವನಿಗೆ, ಹಬ್ಬಕ್ಕೆ ಬಟ್ಟೆಯಿಲ್ಲದವನಿಗೆ, ಧಣಿಯ ಬಾಕಿಯನ್ನು ತೀರಿಸಬೇಕಾದವನಿಗೆ ಆ ಹಣವನ್ನು ಹಂಚುವನು. ಹಣ ತೆಗೆದುಕೊಂಡವನು ಮೇಲಕ್ಕೆ ಬಂದು ದುಡಿದು ತೀರಿಸಬೇಕು. ತೋಟದಲ್ಲಿ ಅಕ್ಕಿ, ಉಪ್ಪು, ಕಂಬಳಿ ಮೊದಲಾದುವುಗಳೂ ಅವನ ಲೆಕ್ಕಕ್ಕೆ ಬೀಳುವುವು. ಬಿದ್ದು ಮಲಗಿದ ದಿನಕ್ಕೆ ಕೂಲಿಯಿಲ್ಲ; ಊಟದ ಲೆಕ್ಕ ಮಾತ್ರ ಉಂಟು. ಸೇರೆಗಾರನಿಗೆ ತಾನು ತಂದ ಆಳುಗಳ ದುಡಿಮೆಯ ಮೇಲೆ ಕಸರು ದೊರೆಯುವುದು. ಕೊನೆಯಲ್ಲಿ ಲೆಕ್ಕ ನೋಡಿದಾಗ ಸಾಲ ತೀರಿದ್ದರೆ ಮಿಕ್ಕುದು ಆಳಿನ ಕೈಗೆ. ತೀರದಿದ್ದರೆ ಬಾಕಿಯು ಮುಂದಿನ ವರ್ಷದ ಮುಂಗಡದ ತಲೆಗೆ. ಲೆಕ್ಕವನ್ನು ಬರೆಯುವವನು ತೋಟದ ಕಡೆಯವನು. ಆಳಿಗೆ ಓದು ಬಾರದು. ಈ ಒಂದು ಸಂಗತಿಯಲ್ಲಿಯೇ ವ್ಯವಸ್ಥೆಯ ಸಾರವೆಲ್ಲ ಅಡಗಿದೆಯೆನ್ನಬಹುದು.

ಹಾಗಾದರೆ ಆಳುಗಳು ಏಕೆ ಹೋದರು? ಕೆಳಗೂ ಅವರು ಸ್ವತಂತ್ರರಾಗಿರಲಿಲ್ಲವೆಂಬುದೇ ಇದಕ್ಕೆ ಉತ್ತರ. ೧೮೪೩ರ ಕಾನೂನಿನಿಂದ ಗುಲಾಮಗಿರಿಯು ನ್ಯಾಯಾಲಯದ ಮಾನ್ಯತೆಯನ್ನು ಕಳೆದುಕೊಂಡರೂ, ‘ಮೂಲದ ಆಳು’ ಧಣಿಯ ಭೂಮಿಗೆ ಕಟ್ಟುಬಿದ್ದೇ ಉಳಿದನು; ಹೊಲೆಯನಾದರೆ ಗೇಣಿಗೆ ಭೂಮಿಯನ್ನು ಪಡೆಯುವ ಆಸೆಯನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಘಟ್ಟದ ಮೇಲೆ ಕೂಲಿಯು ಕಾಸಿನ ರೂಪದಲ್ಲಿ ಎಣಿಕೆಯಾಗುತ್ತಿದ್ದಿತು. ಅಲ್ಲಿ ಅವನು ಊರಿನ ಕಟ್ಟುಕಟ್ಟಳೆಗಳಿಂದ ಕೆಲವು ತಿಂಗಳಾದರೂ ದೂರ. ಒಂದು ಕಟ್ಟನ್ನು ಸಡಿಲಿಸಿಕೊಳ್ಳಲು ಮತ್ತೊಂದು ಕಟ್ಟಿಗೆ ಕೊರಳನ್ನು ಕೊಟ್ಟನೆಂದರೆ, ಅವನು ತಿಳಿಯದೆ ಕೊಟ್ಟನೆಂದು ನಾವು ಭಾವಿಸಬಾರದು.

೬

ಮುಂಗಡವನ್ನು ತೆಗೆದುಕೊಂಡು ಕೆಲಸಕ್ಕೆ ಬಾರದವನನ್ನು ಶಿಕ್ಷಿಸುವ ಕಾನೂನು ೧೮೫೯ರಲ್ಲಿಯೇ ಆಗಿದ್ದಿತು. ಆ ವರ್ಷದ ೧೩ನೆಯ ಆಕ್ಟಿನ ಪ್ರಕಾರ ಮ್ಯಾಜಿಸ್ಟ್ರೇಟನು ಅಂತಹ ಆಳಿಗೆ, ಹಣವನ್ನು ಹಿಂದಕ್ಕೆ ಕೊಡು ಅಥವಾ ಕೆಲಸವನ್ನು ಮಾಡು ಎಂದು ಆಜ್ಞೆ ಮಾಡಬಹುದು. ಆಳು ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆಮನೆ. ಒಪ್ಪಂದವನ್ನು ಮೀರುವುದು ಇತರರ ವಿಷಯದಲ್ಲಿ ಸಿವಿಲ್ ವ್ಯಾಜ್ಯ. ಕೂಲಿಯವನ ವಿಷಯದಲ್ಲಿ ಮಾತ್ರ ಅಪರಾಧ. ಮೊದಲು ಮೂರು ರಾಜಧಾನಿ ಪಟ್ಟಣಗಳಿಗಾಗಿ ಆದ ಈ ಕಾನೂನು ಮುಂದೆ ತೋಟಗಳ ಸೀಮೆಗಳಿಗೂ ವಿಸ್ತರಿಸಲ್ಪಟ್ಟಿತು. ಬ್ರಿಟಿಷ್ ಇಂಡಿಯದಲ್ಲಿ ಇದನ್ನು ರದ್ದುಮಾಡುವ ಶಾಸನವಾದುದು ೧೯೨೫ರಲ್ಲಿ.

ಆದರೆ ಘಟ್ಟದ ಸಂದರ್ಭದಲ್ಲಿ ಕಾನೂನಿಗೆ ಒಂದು ತೊಡಕು. ತೋಟವಿರುವುದು ಮಹಾರಾಜರ ಸಂಸ್ಥಾನದಲ್ಲಿ. ಆಳಿನ ಮನೆಯಿರುವುದು ಮದರಾಸು ಸರಕಾರದ ಜಿಲ್ಲೆಯಲ್ಲಿ. ಒಂದು ಕಡೆಯ ನ್ಯಾಯಾಲಯದ ಆಜ್ಞೆಯು ಮತ್ತೊಂದು ಕಡೆ ತಾನಾಗಿ ನಡೆಯತಕ್ಕುದಲ್ಲ. ರಾತ್ರಿಯಲ್ಲಿ ಘಟ್ಟವನ್ನಿಳಿದು ಸೋಮೇಶ್ವರವನ್ನು ಸೇರಿದ ಆಳು ಕೊಪ್ಪದ ಅಮಲ್ದಾರರ ಕೈಗೆ ಸುಲಭವಾಗಿ ಸಿಕ್ಕುವವನಲ್ಲ. ಎಲ್ಲೆಯು ಬಡವನಿಗೆ ಒಂದು ರಕ್ಷೆಯಾಯಿತೆಂದು ಇಷ್ಟರಿಂದ ತೋರಬಹುದು. ವಸ್ತುತಃ ಆದುದು ಬೇರೆ. ಸರಕಾರದ ಕೈ ತಲಪದ ಕಡೆಗೆ ಸೇರೆಗಾರನ ಕೈ ತಲಪುತ್ತಿದ್ದಿತು. ಅವನು ಆಳಿನ ಊರಿನವನು, ಆಳಿನ ಧಣಿಯನ್ನು ಬಲ್ಲವನು. ಸಾಲಗಾರನು ಓಡಿದರೆ ತಮ್ಮನನ್ನೋ ಮಗನನ್ನೋ ಕೇಳುವವನು. ನ್ಯಾಯಾಲಯದ ವಾರಂಟು ನಿಂತ ಎಲ್ಲೆಯಲ್ಲಿ ಊರಿನ ಮರ್ಯಾದೆಯ ಹೆದರಿಕೆ ನಿಲ್ಲಲಿಲ್ಲ. ತೋಟಗಾರರು ಸೇರೆಗಾರನಿಗೆ ಅಷ್ಟು ಕಸರನ್ನು ಕೊಟ್ಟುದು ಆಳುಗಳನ್ನು ತಂದುದಕ್ಕಾಗಿ ಮಾತ್ರವಲ್ಲ. ಎಲ್ಲೆಯಾಚೆಯಲ್ಲಿ ಸಾಲಕ್ಕೆ ಹೊಣೆಯಾಗಿ ನಿಂತುದಕ್ಕಾಗಿ.

ಆಳಿನ ಪಕ್ಷದಲ್ಲಾದರೋ ಎಲ್ಲೆಯು ಅವನ ಹಕ್ಕನ್ನು ಪೂರ್ತಿಯಾಗಿ ತಡೆಯಿತು. ಲೆಕ್ಕದಲ್ಲಿ ಮೋಸವಾಯಿತೆಂದು ಕಾರ್ಕಳದಲ್ಲಿ ದೂರಿತ್ತರೆ ತೋಟವು ಪರಸಂಸ್ಥಾನದ್ದು. ಕೊಪ್ಪದಲ್ಲಿ ದೂರಿಡಲು ಆ ಕಾಲಕ್ಕೆ ಅವನು ಅಲ್ಲಿಲ್ಲ, ಇದ್ದರೂ ಅಲ್ಲಿ ಅವನ ಪರವಾಗಿ ಸಾಕ್ಷಿ ಹೇಳುವವರಿಲ್ಲ. ತೋಟಗಾರರು ಮಾತ್ರ ಎಲ್ಲೆಗಳನ್ನು ಮೀರಿ ಒಂದುಗೂಡಿದ್ದರು. ದಕ್ಷಿಣ ಇಂಡಿಯದ ತೋಟಗಾರರ ಸಂಯುಕ್ತ ಸಂಘವು ೧೮೯೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ಮೈಸೂರು, ಕೊಡಗು, ಮದರಾಸು, ತಿರುವಾಂಕೂರುಗಳ ತೋಟಗಾರರನ್ನು ಒಂದೆಡೆ ತಂದಿತು. ಆಳುಗಳ ಪ್ರಶ್ನೆಯು ಅದರ ಮುಖ್ಯ ವಿಚಾರಗಳಲ್ಲೊಂದು. ನೆರೆಸೀಮೆಗಳ ನಡುವೆ ಸಹಕಾರವಿದ್ದಿತು. ಅದು ದುಡಿಸುವವರ ನಡುವಣ ಸಹಕಾರ.

೭

ಜನಗಣತಿಯ ಪುಸ್ತಕಗಳಿಂದ ಈ ಸಂಚಾರದ ಪ್ರಮಾಣವನ್ನು ತಿಳಿಯಲು ಹೊರಡುವವರು ಒಂದು ಎಚ್ಚರಿಕೆಯನ್ನು ಇಟ್ಟುಕೊಳ್ಳಬೇಕು. ೧೮೭೧ರ ಗಣತಿಯು ನವೆಂಬರ್ ೧೪ರಂದು ನಡೆಯಿತು. ಅನಂತರದವು ೧೮೮೧ರ ಫೆಬ್ರವರಿ ೧೭, ೧೮೯೧ರ ಫೆಬ್ರವರಿ ೨೬, ೧೯೦೧ರ ಮಾರ್ಚ್ ೧, ೧೯೧೧ರ ಮಾರ್ಚ್ ೧೦, ೧೯೨೧ರ ಮಾರ್ಚ್ ೧೮, ೧೯೩೧ರ ಫೆಬ್ರವರಿ ೨೬ ಈ ದಿನಗಳಲ್ಲಿ. ಎಂದರೆ ಮೊದಲನೆಯದು ಆಳುಗಳು ಬರುತ್ತಿರುವ ಕಾಲ. ಮಿಕ್ಕವು ಅವರು ತೋಟದಲ್ಲಿರುವ, ಅಥವಾ ಹೊರಡಲು ತೊಡಗಿರುವ ಕಾಲ. ಆ ರಾತ್ರಿ ಎಲ್ಲಿ ಮಲಗಿದ್ದರೋ ಅಲ್ಲಿಯವರೆಂದು ಎಣಿಸುವ ಪದ್ಧತಿಯಾದುದರಿಂದ, ಇವರು ಕಡೂರು ಜಿಲ್ಲೆಯ ಜನಸಂಖ್ಯೆಯಲ್ಲಿ ಸೇರಿದರು, ತಮ್ಮ ಊರಿನ ಸಂಖ್ಯೆಯಲ್ಲಿ ಬಿಟ್ಟುಹೋದರು. ಕಡೂರು ಜಿಲ್ಲೆಯಲ್ಲಿ ಹೆಂಗಸರಿಗಿಂತ ಗಂಡಸರ ಸಂಖ್ಯೆ ಹೆಚ್ಚಾಗಿ ಕಾಣುವುದಕ್ಕೆ ಇದು ಒಂದು ಕಾರಣ. ಒಂದೇ ದಶಕದಲ್ಲಿ ಜನ ಹೆಚ್ಚಿದರೆಂದೋ ಕಡಮೆಯಾದರೆಂದೋ ಸಿದ್ಧಾಂತ ಮಾಡುವ ಮೊದಲು ಗಣತಿಯ ದಿನವು ಎರಡು ವಾರ ಹಿಂದು ಮುಂದಾದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಂಖ್ಯೆಗಳು ಹೇಳಲಾರದುದನ್ನು ಕಾದಂಬರಿಗಳು ಹೇಳುತ್ತವೆ. ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ಈ ದಾರಿಯನ್ನು ಕೆಳಗಿನಿಂದ ನೋಡಿದ ಕೃತಿ. ಚೋಮನ ಮನೆಯನ್ನು ಒಡೆಯುವುದು ಕಾಫಿ ತೋಟದ ಹಳೆಯ ಸಾಲ. ಅದನ್ನು ತೀರಿಸಲು ಇಬ್ಬರು ಮಕ್ಕಳು ಹೋಗುತ್ತಾರೆ. ಗುರುವನು ಅಲ್ಲಿಯೇ ಬೇರೆ ಬಾಳನ್ನು ಕಂಡುಕೊಂಡು ಹಿಂದಿರುಗುವುದಿಲ್ಲ. ಚನಿಯನು ಜ್ವರದಿಂದ ಹಿಂದಿರುಗಿ ಸಾಯುತ್ತಾನೆ. ಸಾಲ ಮಾತ್ರ ಸಾಯುವುದಿಲ್ಲ. ಅದು ಮಗಳಾದ ಬೆಳ್ಳಿಯ ಪಾಲಿಗೆ ಬರ‍ುತ್ತದೆ. ಮುಂಗಡ, ಜ್ವರ, ಮನೆಯವರ ಮೇಲೆ ಬೀಳುವ ಹೊಣೆ, ಊರಿನ ಕಟ್ಟಿನಿಂದ ಬಿಡುಗಡೆ — ನಾವು ಮೇಲೆ ಬಿಡಿಬಿಡಿಯಾಗಿ ಹೇಳಿದುದೆಲ್ಲವೂ ಅಲ್ಲಿ ಒಂದು ಮನೆಯ ಕಥೆಯಾಗಿದೆ.

ಕುವೆಂಪು ಅವರು ಅದೇ ದಾರಿಯನ್ನು ಮೇಲಿನಿಂದ ನೋಡಿದವರು. ಅವರು ಹುಟ್ಟಿದುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದುದು ತೀರ್ಥಹಳ್ಳಿಯ ಕುಪ್ಪಳಿಯಲ್ಲಿ. ಎರಡೂ ಈ ಆಳುಗಳು ಬಂದು ಸೇರುತ್ತಿದ್ದ ಸೀಮೆಯೇ. ‘ಕಾನೂರು ಹೆಗ್ಗಡಿತಿ’ಯ (೧೯೩೬) ರಂಗಪ್ಪಸೆಟ್ಟಿಯೂ ‘ಮಲೆಗಳಲ್ಲಿ ಮದುಮಗಳು’ವಿನ (೧೯೬೭) ಚೀಂಕ್ರನೂ ಸೇರೆಗಾರರು. ಎರಡನೆಯ ಕೃತಿಯಲ್ಲಿ ಬರುವ ದೇಯಿ, ಅಕ್ಕಣಿ, ಪಿಜಿಣ ಎಂಬ ಹೆಸರುಗಳೇ ಅವರು ಯಾವ ಕಡೆಯಿಂದ ಬಂದವರೆಂಬುದನ್ನು ಹೇಳುತ್ತವೆ. ಮಲೆನಾಡಿನ ಮನೆಯ ಅಂಗಳದಿಂದ ನೋಡಿದಾಗ ಸೇರೆಗಾರನು ಚತುರನೂ ಸಂಶಯಾಸ್ಪದನೂ ಆದ ಪರಊರಿನವನು. ಆ ಆಳುಗಳು ಬಿಟ್ಟುಬಂದ ಗುಡಿಸಲನ್ನು ಕಾಣಬೇಕಾದರೆ ಓದುಗನು ಕಾರಂತರ ಕಡೆಗೆ ತಿರುಗಬೇಕು. ಈ ಕೃತಿಗಳನ್ನು ಜೊತೆಜೊತೆಯಾಗಿ ಪಾಠ ಹೇಳಿದರೆ ಘಟ್ಟದ ಎರಡು ಮೈಗಳೂ ವಿದ್ಯಾರ್ಥಿಗೆ ಕಾಣುವುವು.

೮

ನೆರೆಯ ಸೀಮೆಗಳ ನಡುವಣ ಇಂತಹ ದುಡಿಮೆಯು ನಮ್ಮ ನಾಡಿಗೆ ಮಾತ್ರ ವಿಶೇಷವಾದುದಲ್ಲ. ಯೂರೋಪಿನಲ್ಲಿ ಹದಿನೇಳನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಜರ್ಮನಿಯ ವೆಸ್ಟ್‌ಫಾಲಿಯ ಮೊದಲಾದ ಸೀಮೆಗಳ ಬಡ ರೈತರು ಪ್ರತಿ ವಸಂತದಲ್ಲಿಯೂ ನಡೆದುಕೊಂಡು ಹಾಲಂಡಿಗೆ ಹೋಗಿ, ಹುಲ್ಲು ಕೊಯ್ದು, ಉರುವಲಿನ ಜವುಗುಮಣ್ಣನ್ನು ಅಗೆದು, ಹಿಂದಿರುಗುತ್ತಿದ್ದರು. ಅಲ್ಲಿಯ ಭಾಷೆಯಲ್ಲಿ ಅವರ ಹೆಸರು ‘ಹಾಲಂಡಿಗೆ ಹೋಗುವವರು’ ಎಂದೇ. ‘ಘಟ್ಟಕ್ಕೆ ಹೋಗುವವರು’ ಎಂಬ ನಮ್ಮ ಮಾತಿಗೆ ಇದಕ್ಕಿಂತ ಹತ್ತಿರದ ಸಮಾನಪದ ದೊರೆಯಲಾರದು.

ಆದರೆ ಅದೇ ಎಲ್ಲೆಯ ಮೇಲೆ ಎರಡನೆಯ ಮಹಾಯುದ್ಧದ ಅನಂತರ ಬೇರೊಂದು ಪ್ರಯತ್ನ ನಡೆಯಿತು. ೧೯೫೮ರಲ್ಲಿ ಜರ್ಮನಿಯ ಗ್ರೊನೌ ಎಂಬ ಪಟ್ಟಣದಲ್ಲಿ ಎಲ್ಲೆಯ ಎರಡು ಕಡೆಯ ಊರುಗಳೂ ಸೇರಿ ‘ಯೂರೆಜಿಯೊ’ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿಕೊಂಡುವು. ಯೂರೋಪಿನ ಆರ್ಥಿಕ ಒಕ್ಕೂಟವು ೧೯೬೮ರಲ್ಲಿ, ಸದಸ್ಯ ರಾಷ್ಟ್ರದ ಕೆಲಸಗಾರನು ಮತ್ತೊಂದು ಸದಸ್ಯ ರಾಷ್ಟ್ರದಲ್ಲಿ ಅಲ್ಲಿಯವನಿಗೆ ಸಮನಾಗಿ ದುಡಿಯಬಹುದೆಂದು ವಿಧಿಸಿತು. ೧೯೭೧ರ ವಿಧಿಯ ಪ್ರಕಾರ ಬೇರೆಬೇರೆ ರಾಷ್ಟ್ರಗಳಲ್ಲಿ ದುಡಿದ ಕಾಲವನ್ನು ಕೂಡಿಸಿ ಪಿಂಚಣಿಯನ್ನು ಲೆಕ್ಕಹಾಕತಕ್ಕದ್ದು. ಎಲ್ಲೆಯನ್ನು ದಾಟಿ ದುಡಿಯುವವನಿಗೆ ಚಿಕಿತ್ಸೆಯ ಹಕ್ಕು ಎಲ್ಲೆಯಲ್ಲಿ ಕಡಿದುಹೋಗತಕ್ಕದ್ದಲ್ಲ. ಒಕ್ಕೂಟದ ಹೊರಗಿನಿಂದ ಬಂದವರಿಗೆ ಇದೆಲ್ಲ ಇಷ್ಟೇ ಸುಲಭವಾಗಿ ದೊರೆತಿಲ್ಲವೆಂಬುದು ನಿಜ. ಆದರೂ ದುಡಿಮೆಯೊಡನೆ ಹಕ್ಕೂ ನಡೆದುಬರುವಂತೆ ಮಾಡಬಹುದೆಂಬುದಕ್ಕೆ ಇದು ನಿದರ್ಶನ.

೯

ನಮ್ಮಲ್ಲಿ ನಡೆದುದು ಇನ್ನೊಂದು ರೀತಿ. ಇಲ್ಲಿ ಹಕ್ಕು ಎಲ್ಲೆಯನ್ನು ದಾಟಲಿಲ್ಲ, ಎಲ್ಲೆಯೇ ಇಲ್ಲವಾಯಿತು. ೧೯೫೧ರ ತೋಟಗಳ ಕಾರ್ಮಿಕರ ಕಾನೂನು ದೊಡ್ಡ ಕಾಫಿ ತೋಟಗಳಲ್ಲಿ ಮನೆ, ವೈದ್ಯ, ಶಿಶುವಿಹಾರಗಳನ್ನು ವಿಧಿಸಿತು. ಚಹ, ಕಾಫಿ, ರಬ್ಬರು ಮೊದಲಾದುವುಗಳನ್ನು ಹೆಸರಿಸಿದ ಆ ಕಾನೂನಿನಲ್ಲಿ ಅಡಿಕೆಯ ಹೆಸರಿರಲಿಲ್ಲ. ಇಪ್ಪತ್ತೈದು ಎಕರೆಗಿಂತ ಚಿಕ್ಕದಾದ ತೋಟಗಳೂ ಅದರಿಂದ ಹೊರಗುಳಿದುವು. ಕೊಪ್ಪದ ಸೀಮೆಯ ಚಿಕ್ಕ ಅಡಿಕೆ ತೋಟಗಳಲ್ಲಿ ದುಡಿದವನಿಗೆ ಅದರಿಂದ ಲಾಭವಾಗಲಿಲ್ಲ. ೧೯೫೬ರಲ್ಲಿ ರಾಜ್ಯಗಳು ಒಂದಾದುವು. ೧೯೭೪ರ ಭೂಸುಧಾರಣೆಯಿಂದ ದಕ್ಷಿಣ ಕನ್ನಡದ ಗೇಣಿದಾರರು ಭೂಮಿಯ ಒಡೆಯರಾದರು; ೧೯೭೬ರ ಕಾನೂನಿನಿಂದ ಜೀತದ ಸಾಲಗಳು ರದ್ದಾದುವು. ಬೀಡಿಯ ಉದ್ಯೋಗ, ಮುಂಬಯಿಯ ಹೋಟೆಲು, ಕೊಲ್ಲಿಯ ದೇಶಗಳು, ಶಾಲೆ ಇವೆಲ್ಲವೂ ಕರಾವಳಿಯವರಿಗೆ ಘಟ್ಟಕ್ಕಿಂತ ಬೇರೆಯಾದ ದಾರಿಗಳನ್ನು ತೆರೆದುವು. ಆಗುಂಬೆಯನ್ನು ಏರುವ ಗುಂಪುಗಳು ಕ್ರಮೇಣ ತೆಳುವಾದುವು.

ಇಲ್ಲಿ ಚರಿತ್ರೆಯ ಒಂದು ವಿಪರ್ಯಾಸವನ್ನು ಕಾಣಬಹುದು. ರಾಜ್ಯದಿಂದ ರಾಜ್ಯಕ್ಕೆ ಗುತ್ತಿಗೆಯ ಮೇಲೆ ಹೋಗುವ ಕೆಲಸಗಾರರಿಗೆ ಪಯಣದ ಭತ್ಯ, ಸ್ಥಳಾಂತರದ ಭತ್ಯ, ಲೆಕ್ಕದ ಕೈಪುಸ್ತಕ ಇವುಗಳನ್ನು ವಿಧಿಸಿದ ಕಾನೂನು ೧೯೭೯ರಲ್ಲಿ ಆಯಿತು. ಸೇರೆಗಾರನ ಲೆಕ್ಕಕ್ಕೆ ಬಿದ್ದ ಆಳಿಗೆ ಬೇಕಾಗಿದ್ದುದು ಇದೇ. ಆದರೆ ಘಟ್ಟವು ಎಲ್ಲೆಯಾಗಿದ್ದಾಗ ಈ ಕಾನೂನಿರಲಿಲ್ಲ. ಕಾನೂನು ಬಂದಾಗ ಘಟ್ಟವು ಎಲ್ಲೆಯಾಗಿರಲಿಲ್ಲ. ನೂರ ಐವತ್ತೇಳು ವರ್ಷ ಪರರಾಜ್ಯದವರಾಗಿ ದುಡಿದವರು ಪರರಾಜ್ಯದವರೆಂಬ ರಕ್ಷೆಯನ್ನು ಒಂದು ದಿನವೂ ಪಡೆಯಲಿಲ್ಲ.

ಇಂದು ಕೊಪ್ಪ, ಬಾಳೆಹೊನ್ನೂರುಗಳ ತೋಟಗಳಿಗೆ ಅಸ್ಸಾಂ, ಬಂಗಾಳ, ಒಡಿಶಾ, ಜಾರ್ಖಂಡ್ ಮೊದಲಾದ ದೂರದ ರಾಜ್ಯಗಳಿಂದ ಆಳುಗಳು ಬರುತ್ತಿದ್ದಾರೆ. ಘಟ್ಟಕ್ಕೆ ಬದಲು ರೈಲುದಾರಿ. ಸೇರೆಗಾರನಿಗೆ ಬದಲು ಗುತ್ತಿಗೆದಾರ. ೧೯೭೯ರ ಕಾನೂನನ್ನು ೨೦೨೦ರಲ್ಲಿ ಅಂಗೀಕೃತವಾದ ಹೊಸ ಸಂಹಿತೆಯಲ್ಲಿ ಸೇರಿಸಲಾಯಿತು. ೨೦೧೯ರಲ್ಲಿ ಆರಂಭವಾಗಿ ೨೦೨೨ರ ಜೂನ್‌ನಲ್ಲಿ ಅಸ್ಸಾಂ ಸೇರಿದುದರಿಂದ ದೇಶಕ್ಕೆಲ್ಲ ವ್ಯಾಪಿಸಿದ ಪಡಿತರದ ಏರ್ಪಾಟಿನಿಂದ ಕೆಲಸಗಾರನು ತನ್ನ ಊರಿನ ಚೀಟಿಯ ಅಕ್ಕಿಯನ್ನು ದುಡಿಯುವ ಊರಿನಲ್ಲಿಯೇ ಪಡೆಯಬಹುದಾಗಿದೆ. ಅಕ್ಕಿಯ ಹಕ್ಕು ಎಲ್ಲೆಯನ್ನು ದಾಟಿತು. ಚಿಕಿತ್ಸೆಯದು, ಮಕ್ಕಳ ಓದಿನದು, ಲೆಕ್ಕವನ್ನು ಪ್ರಶ್ನಿಸುವುದು ಇವುಗಳೂ ಹಾಗೆಯೇ ದಾಟಿದುವೇ ಎಂಬುದನ್ನು ಪ್ರತಿ ತೋಟದ ಲೈನುಮನೆಯಲ್ಲಿಯೂ ಕೇಳಿ ನೋಡಬೇಕು.

ಹಿಂದಿನ ಘಟ್ಟದ ಆಳುಗಳು ತಮ್ಮ ವಿಚಾರವನ್ನು ತಾವೇ ಬರೆದಿಡಲಿಲ್ಲ. ಅವರ ಪರವಾಗಿ ಇಬ್ಬರು ಮಹಾಲೇಖಕರು ಬರೆದರು. ಈಗ ಬಂದವರು ನಮ್ಮ ಭಾಷೆಯವರೂ ಅಲ್ಲ. ಅವರ ಮಾತನ್ನು ಕೇಳಿ ಬರೆದಿಡುವ ಕೆಲಸಕ್ಕೆ ಈ ಸೀಮೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ತೊಡಗುವುದಾದರೆ, ಅವರು ಮೊದಲು ನೋಡಬೇಕಾದುದು ತೋಟದ ಲೆಕ್ಕದ ಪುಸ್ತಕವನ್ನು. ಅನಂತರ ಅದನ್ನು ಬರೆದವನು ಯಾರು, ಅದನ್ನು ಓದಬಲ್ಲವನು ಯಾರು ಎಂಬುದನ್ನು.